ಮೊಟ್ಟೆಯಿಂದ ಪಹಣಿಯವರೆಗೆ: ಮಂಡ್ಯ–ಮೈಸೂರಿನ ಒಂದು ವರ್ಷ

2024ರ ಡಿಸೆಂಬರ್ 22. ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಕೊನೆಯ ದಿನ. ಊಟದ ಸಾಲಿನಲ್ಲಿ ಬೇಯಿಸಿದ ಮೊಟ್ಟೆ ಬಂತು. ನನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಮದ್ದೂರು ಕಡೆಯ ಹಿರಿಯರೊಬ್ಬರು ಅದನ್ನು ಬೆರಳ ತುದಿಯಲ್ಲಿ ಉರುಳಿಸಿ ನೋಡಿ, ‘ಪರಿಷತ್ತು ಹುಟ್ಟಿ ನೂರ ಒಂಬತ್ತು ವರ್ಷ. ಕೋಳಿಗೂಡಿನವರೆಗೆ ನಡೆದುಬರಲು ಇಷ್ಟು ಕಾಲ ಹಿಡಿಯಿತು’ ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಡಿಸುತ್ತಿದ್ದ ಹುಡುಗ ಮಾತ್ರ ನಗಲಿಲ್ಲ. ತಲೆಗೆ ಒಂದರಂತೆ ಎಣಿಸುವುದರಲ್ಲಿ ಅವನಿದ್ದ.

ಆ ಮೊಟ್ಟೆ ತಾನಾಗಿ ಬಂದದ್ದಲ್ಲ. ಸಮ್ಮೇಳನದ ಮಳಿಗೆಗಳಿಗೆ ಹೊರಡಿಸಿದ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಲಾಗಿತ್ತು. ಬೀಗರೂಟವೆಂದರೆ ಬಾಡೂಟವೇ ಆಗಿರುವ ನೆಲದಲ್ಲಿ ಜನರ ಅನ್ನದ ತಟ್ಟೆಯನ್ನು ಬೀಡಿ, ಬ್ರಾಂದಿಯ ಪಕ್ಕ ಕೂರಿಸಿದ್ದು ಚುಚ್ಚಿತು. ಮನೆಗೊಂದು ಕೋಳಿ ಕೂಡಿಸುವ ಅಭಿಯಾನ ಶುರುವಾಯಿತು, ಪ್ರತಿಭಟನೆಗಳಾದವು. ಬಾಡೂಟದ ಬೇಡಿಕೆ ಕೊನೆಗೆ ಒಂದು ಮೊಟ್ಟೆಗೆ ಇಳಿಯಿತು. ಸೋಲು ಎಂದವರಿದ್ದಾರೆ, ಗೆಲುವು ಎಂದವರೂ ಇದ್ದಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಇಷ್ಟು ವರ್ಷ ‘ಮೊದಲಿನಿಂದಲೂ ಹೀಗೇ ನಡೆದುಬಂದಿದೆ’ ಎಂದರೆ ಸಾಕಾಗುತ್ತಿತ್ತು. ಈ ಸಲ ಆ ಮಾತು ಸಾಲಲಿಲ್ಲ. ಯಾಕೆ ಹಾಗೆ ಎಂದು ಕೇಳಿದರು, ಉತ್ತರ ಕೊಡಬೇಕಾದವರು ತಡವರಿಸಿದರು.

ಮೊದಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಂಡ್ಯದಲ್ಲಿ ಮೊದಲು ಸಮ್ಮೇಳನ ನಡೆದದ್ದು 1974ರಲ್ಲಿ. ಅಧ್ಯಕ್ಷತೆ ಜಯದೇವಿತಾಯಿ ಲಿಗಾಡೆ ಅವರದು. ಸಮ್ಮೇಳನಗಳ ಇತಿಹಾಸದಲ್ಲಿ ಮೊದಲ ಮಹಿಳಾ ಅಧ್ಯಕ್ಷರು ಅವರೇ. 1915ರಿಂದ ಅಲ್ಲಿಯವರೆಗೆ ಗಂಡಸರೇ ಕುಳಿತಿದ್ದ ಪೀಠ ಅದು. ಮುರಿಯುವ ದಿನದವರೆಗೂ ಎಲ್ಲವೂ ‘ಮೊದಲಿನಿಂದಲೂ’ ಇದ್ದದ್ದೇ.

2024ರ ಆ ಸಮ್ಮೇಳನದಿಂದ 2025ರ ಡಿಸೆಂಬರಿನವರೆಗಿನ ಒಂದು ವರ್ಷವನ್ನು ಹಿಂತಿರುಗಿ ನೋಡುವಾಗ ಈ ಪ್ರಶ್ನೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ: ಎಲ್ಲೆಲ್ಲಿ ಪದ್ಧತಿ ಕಾರಣ ಕೊಡಬೇಕಾಯಿತು? ಸರ್ಕಾರದ ಸಾಧನೆಯ ಪಟ್ಟಿಗೆ ಸರ್ಕಾರದ್ದೇ ಜಾಹೀರಾತುಗಳಿವೆ. ಜೂನ್ 30ರಂದು ಮುಖ್ಯಮಂತ್ರಿಗಳು ಕೆಆರ್‌ಎಸ್‌ಗೆ ಬಾಗಿನ ಕೊಟ್ಟರು. ಜೂನ್ ತಿಂಗಳಲ್ಲೇ ಅಣೆಕಟ್ಟೆ ಭರ್ತಿಯಾದದ್ದು ಅದರ ಇತಿಹಾಸದಲ್ಲೇ ಮೊದಲು. ಸಂತೋಷ. ಆದರೆ ಕೊಡಗಿನ ಮಳೆಯನ್ನು ಯಾವ ಪಕ್ಷದ ಖಾತೆಗೂ ಜಮಾ ಮಾಡಬೇಕಾಗಿಲ್ಲ.

ಮೊಟ್ಟೆಯ ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಜುಲೈಯಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯ ಸರ್ಕಾರಿ ಶಾಲೆ ಸುದ್ದಿಯಾಯಿತು. ಶಾಲೆಯ ಪಕ್ಕದಲ್ಲೇ ವೀರಭದ್ರೇಶ್ವರ ದೇವಸ್ಥಾನ. ಆ ಕಾರಣಕ್ಕೆ ಶಾಲೆಯಲ್ಲಿ ಮೊಟ್ಟೆ ಬೇಯಿಸುವುದು ಬೇಡ ಎಂಬ ತಿಳಿವಳಿಕೆ ಊರಿನಲ್ಲಿತ್ತು. ನಮ್ಮ ಮಕ್ಕಳಿಗೂ ಶಾಲೆಯಲ್ಲೇ ಕೊಡಿ ಎಂದು ಕೆಲವು ಪೋಷಕರು ಪಟ್ಟು ಹಿಡಿದರು. ಬೇಯಿಸಿ ಕೊಡಲು ಶುರುವಾದ ಮೇಲೆ ಎಷ್ಟೋ ಪೋಷಕರು ಮಕ್ಕಳ ಟಿಸಿ ತೆಗೆದುಕೊಂಡು ಬೇರೆ ಶಾಲೆಗೆ ಹೋದರು. ಒಂದು ಮಗುವಿನ ತಟ್ಟೆಗೆ ಮೊಟ್ಟೆ ಬಂದರೆ ಪಕ್ಕದ ಮಗುವಿನ ಬೆಂಚು ಖಾಲಿ. ಇಷ್ಟಾದರೂ ಕೇಳಿದ ಪೋಷಕರು ತಪ್ಪು ಮಾಡಿದರು ಎಂದು ನನಗೆ ಅನ್ನಿಸುವುದಿಲ್ಲ. ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಎಂಬುದು 2024ರ ಸೆಪ್ಟೆಂಬರಿನಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿರುವ ಕಾರ್ಯಕ್ರಮ. ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇತ್ತು. ತಾವು ತಿನ್ನದಿರುವುದಷ್ಟೇ ಸಾಲದು, ಪಕ್ಕದವರೂ ಕಣ್ಣೆದುರು ತಿನ್ನಬಾರದು ಎಂಬಲ್ಲಿಗೆ ಪದ್ಧತಿ ಬಂದು ನಿಂತಾಗ ಅದಕ್ಕೆ ಕಾರಣ ಕೇಳುವುದು ಅಧಿಕಪ್ರಸಂಗವಲ್ಲ.

ಈ ವರ್ಷದ ದೊಡ್ಡ ಗದ್ದಲ ದಸರೆಯದು. ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳು. ಕನ್ನಡಕ್ಕೆ ಮೊದಲ ಬೂಕರ್, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಬೂಕರ್. ಹಾಸನದ ವಕೀಲೆ, ಅರ್ಧ ಶತಮಾನದಿಂದ ಮುಸ್ಲಿಂ ಹೆಣ್ಣುಮಕ್ಕಳ ಅಡುಗೆಮನೆ, ಅಂಗಳ, ಕೋರ್ಟುಕಚೇರಿಗಳ ಬದುಕನ್ನು ಕನ್ನಡದಲ್ಲಿ ಬರೆದವರು. ಸ್ವಂತ ಸಮುದಾಯದ ಹಿರಿಯರಿಂದ ಬಹಿಷ್ಕಾರವನ್ನೂ ಉಂಡವರು. ಆಗಸ್ಟಿನಲ್ಲಿ ದಸರಾ ಉದ್ಘಾಟನೆಗೆ ಅವರ ಹೆಸರು ಪ್ರಕಟವಾಯಿತು. ಮುಂದಿನ ಒಂದು ತಿಂಗಳು ಮೈಸೂರಿನ ಚಹಾ ಅಂಗಡಿಗಳಲ್ಲಿ ಬೇರೆ ಮಾತಿಗೆ ಜಾಗವಿರಲಿಲ್ಲ.

ವಿರೋಧದ ವಾದ ಸರಳವಾಗಿತ್ತು: ಬೆಟ್ಟದ ತಾಯಿಗೆ ಪೂಜೆ ಸಲ್ಲಿಸಿ, ದೀಪ ಬೆಳಗಿ ಶುರುವಾಗುವ ಹಬ್ಬ, ನಂಬಿಕೆಯಿಲ್ಲದವರು ಹೇಗೆ ಉದ್ಘಾಟಿಸುತ್ತಾರೆ? ಪದ್ಧತಿ ಮುರಿಯುತ್ತದೆ. ಇದನ್ನು ಮನಃಪೂರ್ವಕವಾಗಿ ಹೇಳಿದವರೂ ಇದ್ದರು, ಮತದ ಲೆಕ್ಕ ಹಾಕಿ ಹೇಳಿದವರೂ ಇದ್ದರು. ಮೈಸೂರಿನ ಮಾಜಿ ಸಂಸದರೂ ಸೇರಿ ಕೆಲವರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. 19ರಂದು ಅಲ್ಲಿಯೂ ವಜಾ. ಇದು ರಾಜ್ಯ ನಡೆಸುವ ಕಾರ್ಯಕ್ರಮ, ರಾಜ್ಯಕ್ಕೆ ಧರ್ಮಗಳ ನಡುವೆ ಭೇದವಿಲ್ಲ ಎಂಬುದು ನ್ಯಾಯಪೀಠದ ನಿಲುವು. ಸಂವಿಧಾನದ ಪ್ರಸ್ತಾವನೆಯಲ್ಲಿ ಏನಿದೆ ಎಂದು ಅರ್ಜಿದಾರರ ವಕೀಲರನ್ನೇ ಕೇಳಿತು. ಹತ್ತು ಸಾಲಿನ ಪಾಠ. ಶಾಲೆಯ ಮಕ್ಕಳು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಓದುತ್ತಾರೆ.

ಆದರೆ ನ್ಯಾಯಾಲಯಕ್ಕಿಂತ ಚೆನ್ನಾಗಿ ಉತ್ತರ ಕೊಡಬಲ್ಲದ್ದು ದಸರೆಯ ಚರಿತ್ರೆಯೇ. 1610ರಲ್ಲಿ ರಾಜ ಒಡೆಯರ್ ಆರಂಭಿಸಿದ್ದು ಮೈಸೂರಿನಲ್ಲಲ್ಲ, ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ. ಹಬ್ಬ ಊರು ಬದಲಿಸಿತು. ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರು. ರಾಜಧನ ರದ್ದಾದ 1971ರ ಆಸುಪಾಸಿನಲ್ಲಿ ಅರಸರು ಕೆಳಗಿಳಿದರು, 750 ಕಿಲೋ ತೂಕದ ಚಿನ್ನದ ಅಂಬಾರಿಗೆ ಚಾಮುಂಡೇಶ್ವರಿ ಬಂದಳು. ಇಂದು ನಾವು ‘ಅನಾದಿ ಕಾಲದಿಂದ’ ಎಂದು ಕೈಮುಗಿಯುವ ಜಂಬೂಸವಾರಿಯ ದೃಶ್ಯಕ್ಕೆ ನನ್ನಷ್ಟು ವಯಸ್ಸೂ ಇಲ್ಲ. ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ದಿವಾನರಾಗಿದ್ದರು. ಆ ಹದಿನೈದು ವರ್ಷವೂ ದಸರೆ ನಡೆಯಿತು. ತಾಯಿ ಮುನಿದ ದಾಖಲೆ ಇಲ್ಲ.

ಇನ್ನೂ ಒಂದು ಸಂಗತಿಯಿದೆ, ಅದು ನಮಗೆ ಹಿತವಾಗದ್ದು. 2017ರ ದಸರೆಯನ್ನು ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಆಗ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿರಲಿಲ್ಲ. ಅಂದರೆ ಎಂಟು ವರ್ಷದ ಹಿಂದೆ ತಾನಾಗಿ ನಡೆದದ್ದನ್ನು ಈ ವರ್ಷ ಎರಡು ನ್ಯಾಯಾಲಯ ದಾಟಿ ನಡೆಸಬೇಕಾಯಿತು. ಇದನ್ನು ಮುನ್ನಡೆ ಎನ್ನಬಹುದೆ? ನಾನು ಹೌದೆನ್ನುತ್ತೇನೆ, ಸ್ವಲ್ಪ ಅಳುಕಿನಿಂದಲೇ. 2017ರಲ್ಲಿ ಇದ್ದದ್ದು ಸೌಜನ್ಯ. ಸೌಜನ್ಯ ಕಾಲಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. 2025ರಲ್ಲಿ ಸಿಕ್ಕಿದ್ದು ಬರಹದಲ್ಲಿರುವ ಉತ್ತರ. ಮುಂದಿನ ಸಲ ಯಾರಾದರೂ ಕೇಳಿದರೆ ತೋರಿಸಲು ಕಾಗದವಿದೆ.

ಸೆಪ್ಟೆಂಬರ್ 22ರ ಬೆಳಿಗ್ಗೆ ನಾನು ನಗರ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿದ್ದೆ. ಗೋಡೆಯ ಟಿ.ವಿ.ಯಲ್ಲಿ ಬೆಟ್ಟದ ನೇರಪ್ರಸಾರ. ತಿಂಗಳಿಡೀ ಇದೇ ಮೇಜಿನಲ್ಲಿ ಕಿತ್ತಾಡಿದ ಇಬ್ಬರು ಎದುರುಬದುರು ಕುಳಿತಿದ್ದರು. ಬಾನು ಅವರು ದೇವಿಗೆ ಹೂವು ಅರ್ಪಿಸಿದಾಗ ಕಣ್ಣು ತುಂಬಿಕೊಂಡದ್ದು ಕಾಣಿಸಿತು. ಇಬ್ಬರೂ ಏನೂ ಅನ್ನಲಿಲ್ಲ. ಆಮೇಲೆ ಒಬ್ಬರು, ‘ಬೆಟ್ಟಕ್ಕೆ ಇವತ್ತು ನಮ್ಮ ಗಾಡಿ ಬಿಡುತ್ತಾರೋ ಇಲ್ಲವೋ’ ಎಂದರು. ‘ಪಾಸ್ ಇರಬೇಕು’ ಎಂದರು ಇನ್ನೊಬ್ಬರು. ಅಲ್ಲಿಂದ ಮಾತು ಪಾಸು ಹಂಚಿಕೆಯ ಅನ್ಯಾಯಕ್ಕೆ ಹೊರಳಿತು. ಆ ವಿಷಯದಲ್ಲಿ ಇಬ್ಬರದೂ ಒಂದೇ ಮತ. ಮೈಸೂರಿನವರಿಗೆ ಧರ್ಮಕ್ಕಿಂತ ಆಳವಾದ ಗಾಯ ದಸರಾ ಪಾಸು.

ಹಾಗೆಂದು ಎಲ್ಲವೂ ತಣ್ಣಗಾಯಿತು ಎನ್ನಲಾರೆ. ಉದ್ಘಾಟನೆಗೆ ಎರಡು ವಾರ ಮೊದಲು ಮದ್ದೂರಿನಲ್ಲಿ ಗಣೇಶನ ಮೆರವಣಿಗೆಯ ಮೇಲೆ ಕಲ್ಲು ಬಿದ್ದವು, ಪಟ್ಟಣ ದಿನಗಟ್ಟಲೆ ಉಸಿರು ಬಿಗಿಹಿಡಿದಿತ್ತು. ವಿಜಯದಶಮಿ ಕಳೆದು ಒಂದು ವಾರಕ್ಕೆ, ದಸರೆಯಲ್ಲಿ ಬಲೂನು ಮಾರಲು ಕಲಬುರಗಿ ಕಡೆಯಿಂದ ಬಂದಿದ್ದ ಅಲೆಮಾರಿ ಕುಟುಂಬದ ಪುಟ್ಟ ಹುಡುಗಿಯ ಶವ ವಸ್ತುಪ್ರದರ್ಶನ ಮೈದಾನದ ಬಳಿ ಸಿಕ್ಕಿತು. ಬೀದಿಬದಿಯಲ್ಲಿ ಮಲಗಿದ್ದ ಮಗು. ಬೆಟ್ಟದ ಮೇಲೆ ಯಾರು ದೀಪ ಹಚ್ಚಬೇಕೆಂದು ತಿಂಗಳುಗಟ್ಟಲೆ ವಾದಿಸಿದ ಊರು ಬೆಟ್ಟದ ಕೆಳಗೆ ಯಾರು ಎಲ್ಲಿ ಮಲಗುತ್ತಾರೆಂದು ನೋಡಿರಲಿಲ್ಲ.

ದಸರೆಯ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ, ಅದನ್ನು ಈ ವರ್ಷ ಯಾರೂ ತೆರೆಯಲಿಲ್ಲ. 1881ರ ದಸರೆಯ ಹೊತ್ತಿಗೆ ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮುಂದೆ ಹಲವು ದಶಕ ದಸರೆಯ ಸುತ್ತಮುತ್ತ ಅಧಿವೇಶನ ನಡೆಯುವುದು, ದಿವಾನರು ಆಡಳಿತದ ವರದಿ ಓದುವುದು, ರೈತರು ಮತ್ತು ವರ್ತಕರು ಎದ್ದು ಪ್ರಶ್ನೆ ಕೇಳುವುದು ರೂಢಿಯಾಯಿತು. ಇಂದು ಮೈಸೂರು ಮಹಾನಗರ ಪಾಲಿಕೆಯಲ್ಲಿ ಒಬ್ಬ ಚುನಾಯಿತ ಸದಸ್ಯರೂ ಇಲ್ಲ. 65 ವಾರ್ಡುಗಳ ಕೌನ್ಸಿಲ್ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು, ಚುನಾವಣೆ ಆಗಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ರಾಜರ ಕಾಲದಲ್ಲಿ ಪ್ರಶ್ನೆ ಕೇಳಲು ಸಭೆಯಿತ್ತು. ಪ್ರಜೆಗಳ ಕಾಲದಲ್ಲಿ ಬೀದಿದೀಪಕ್ಕೆ ಅಧಿಕಾರಿಯ ಮನೆ ಬಾಗಿಲು ಕಾಯಬೇಕು. ಪದ್ಧತಿ ಉಳಿಸಬೇಕು ಎಂದವರು ಈ ಪದ್ಧತಿಯನ್ನು ಕೇಳಿದ್ದರೆ ನಾನೂ ಅವರ ಜೊತೆ ಕೋರ್ಟಿಗೆ ಹೋಗುತ್ತಿದ್ದೆ.

ಇನ್ನು ಸದ್ದಿಲ್ಲದೆ ಆದ, ನನ್ನ ಲೆಕ್ಕದಲ್ಲಿ ದಸರೆಗಿಂತ ಹೆಚ್ಚು ಮನೆಗಳನ್ನು ಮುಟ್ಟಿದ ಬದಲಾವಣೆಯ ಮಾತು. ನಮ್ಮ ಊರುಗಳಲ್ಲಿ ಅದಕ್ಕೆ ‘ಸಂಘದ ಸಾಲ’ ಎನ್ನುತ್ತಾರೆ. ಮೈಕ್ರೋಫೈನಾನ್ಸ್ ಎಂಬ ಪದ ಪತ್ರಿಕೆಯವರದು. ಹತ್ತು ಹೆಂಗಸರ ಗುಂಪು, ಒಬ್ಬರಿಗೊಬ್ಬರು ಜಾಮೀನು. ವಾರದ ಒಂದು ಬೆಳಿಗ್ಗೆ ಯಾರದಾದರೂ ಮನೆಯ ಜಗಲಿಯಲ್ಲಿ ಸಭೆ. ಕಂತು ವಸೂಲಿಗೆ ಬರುವ ಹುಡುಗ ಬೈಕು ನಿಲ್ಲಿಸಿ, ಚಾಪೆಯ ಮೇಲೆ ಕುಳಿತು ಹೆಸರು ಕರೆಯುತ್ತಾನೆ. ಒಬ್ಬಳ ಹತ್ತಿರ ಇಲ್ಲದಿದ್ದರೆ ಉಳಿದ ಒಂಬತ್ತು ಜನ ಕೂಡಿಸಿ ಕೊಡಬೇಕು, ಕೊಡುವವರೆಗೆ ಯಾರೂ ಏಳುವಂತಿಲ್ಲ. ನಾಲ್ಕು ಮನೆ ಆಚೆ ಇಂಥದೊಂದು ಸಭೆಯನ್ನು ಎಷ್ಟೋ ವಾರ ನೋಡಿದ್ದೇನೆ. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಬಂದವಳು, ಮಗುವನ್ನು ಶಾಲೆಗೆ ಕಳಿಸಬೇಕಾದವಳು, ಗದ್ದೆಗೆ ನಾಟಿಗೆ ಹೋಗಬೇಕಾದವಳು, ಎಲ್ಲರೂ ಬರಲಾರದ ಒಬ್ಬಳ ಮನೆಯ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಅಲ್ಲಿ ಅಡವಿಟ್ಟಿದ್ದು ಒಡವೆಯಲ್ಲ, ನೆರೆಹೊರೆ.

ಈ ವರ್ಷದ ಜನವರಿಯಲ್ಲಿ ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಗಳಿಂದ ಆತ್ಮಹತ್ಯೆಯ, ಊರು ಬಿಟ್ಟವರ ಸುದ್ದಿ ಸಾಲುಸಾಲಾಗಿ ಬಂದವು. ಬಾಗಿಲಿಗೆ ಬೀಗ ಹಾಕಿದ ಮನೆಗಳ ಚಿತ್ರ ನೋಡಿದ್ದೀರಿ. ಸರ್ಕಾರ ಸುಗ್ರೀವಾಜ್ಞೆ ಸಿದ್ಧಪಡಿಸಿತು. ಶಿಕ್ಷೆ ಅತಿಯಾಯಿತು ಎಂದು ರಾಜ್ಯಪಾಲರು ಒಮ್ಮೆ ಮರಳಿಸಿದರು. ಫೆಬ್ರವರಿ 12ರಂದು ಅಂಕಿತ ಬಿತ್ತು, ನಂತರ ಶಾಸನಸಭೆಯಲ್ಲಿ ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ನೋಂದಣಿಯಿಲ್ಲದೆ ಸಾಲ ಕೊಟ್ಟವರು ಬಡವರಿಂದ ವಸೂಲಿ ಮಾಡುವಂತಿಲ್ಲ.

ಕಾಯ್ದೆಯಲ್ಲಿ ದೊಡ್ಡ ಕಿಂಡಿಯಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ದೊಡ್ಡ ಕಂಪನಿಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾದರೆ ಏನಾಯಿತು? ಪೊಲೀಸ್ ಠಾಣೆಯ ನಂಬರು ಹೆಂಗಸರ ಮೊಬೈಲಿಗೆ ಬಂತು. ಅದೇ ಜಗಲಿಯಲ್ಲಿ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವಸೂಲಿಯ ಹುಡುಗ ಮಾಮೂಲಿನಂತೆ ‘ಅವರು ಬರುವವರೆಗೆ ಕುಳಿತಿರೋಣ’ ಎಂದ. ‘ಕುಳಿತಿರು ಮಗ, ಕಾಫಿ ಕೊಡುತ್ತೇನೆ. ನಾವು ಗದ್ದೆಗೆ ಹೋಗುತ್ತೇವೆ’ ಎಂದು ಗುಂಪಿನ ಮುಂದಾಳು ಹೆಂಗಸು ಎದ್ದಳು. ಒಂಬತ್ತು ಜನರೂ ಎದ್ದರು. ಅವನೂ ಪಾಪ, ಗುರಿ ಮುಟ್ಟದಿದ್ದರೆ ಸಂಬಳ ಕಡಿತವಾಗುವ ಹುಡುಗ. ಕಾಫಿ ಕುಡಿದು ಹೋದ. ಕಂತು ಮುಂದಿನ ವಾರ ಸಂದಾಯವಾಯಿತು. ಸಾಲ ತೀರಿಸಬಾರದು ಎಂಬ ಹಟ ಅಲ್ಲಿ ಯಾರಿಗೂ ಇರಲಿಲ್ಲ. ಎಸರು ಕುದಿದು ಆರುವವರೆಗೆ ಕೂರಿಸುವ ಹಕ್ಕು ನಿನಗೆ ಯಾರು ಕೊಟ್ಟರು ಎಂಬುದಷ್ಟೇ ಪ್ರಶ್ನೆ.

ಹೆಂಗಸರು ಈ ದುಬಾರಿ ಸಾಲಕ್ಕೆ ಯಾಕೆ ಹೋಗುತ್ತಾರೆ ಎಂದು ಬೈಯುವವರಿದ್ದಾರೆ. ಸಹಕಾರ ಸಂಘದಲ್ಲಿ ಐದು ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ, ನಿಜ. ಅದಕ್ಕೆ ಪಹಣಿ ಬೇಕು. ಪಹಣಿಯಲ್ಲಿ ಅವಳ ಹೆಸರಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣವನ್ನು ಉಚಿತ ಮಾಡಿದ ಶಕ್ತಿ ಯೋಜನೆಯ ಬಗ್ಗೆ ಎಷ್ಟು ಬರೆದರೂ ಎರಡು ಬಣಗಳ ಗುಂಡಿನ ಚಕಮಕಿಯ ನಡುವೆ ನಿಂತಂತಾಗುತ್ತದೆ. 2023ರ ಜೂನ್ 11ರಂದು ಶುರುವಾಯಿತು, ಈ ವರ್ಷ ಜುಲೈ 14ಕ್ಕೆ 500 ಕೋಟಿ ಪ್ರಯಾಣ ದಾಟಿತು. ಸಾರಿಗೆ ನಿಗಮಗಳಿಗೆ ಸರ್ಕಾರದ ಬಾಕಿ ಏರುತ್ತಿದೆ, ಜನವರಿಯಲ್ಲಿ ಗಂಡಸರ ಟಿಕೆಟ್ ದರ ಶೇಕಡ 15 ಹೆಚ್ಚಿತು. ಇವೆರಡೂ ಸತ್ಯ. ಆದರೆ ಮಂಡ್ಯದಿಂದ ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೊದಲ ವರ್ಷ ಹೆಂಗಸರು ಗುಂಪುಗುಂಪಾಗಿ ಧರ್ಮಸ್ಥಳ, ನಂಜನಗೂಡಿಗೆ ಹೋದರು. ಅದನ್ನೇ ಆಡಿಕೊಂಡವರು ಬಹಳ. ಈಗ ಬಸ್ಸಿನಲ್ಲಿರುವುದು ಗಾರ್ಮೆಂಟ್ಸಿಗೆ ಹೋಗುವವರು, ಕೆ.ಆರ್. ಆಸ್ಪತ್ರೆಗೆ ತೋರಿಸಲು ಹೋಗುವವರು, ದೇವರಾಜ ಮಾರುಕಟ್ಟೆಗೆ ಹೂವಿನ ಮೂಟೆ ಹೊತ್ತವರು. ನನ್ನ ಪಕ್ಕ ಕುಳಿತಿದ್ದ ಶ್ರೀರಂಗಪಟ್ಟಣದ ಅಜ್ಜಿಯೊಬ್ಬರು ಎಲೆಅಡಿಕೆ ಚೀಲದಿಂದ ಮುಷ್ಟಿ ತುಂಬ ಶೂನ್ಯ ಟಿಕೆಟ್ ತೆಗೆದು ತೋರಿಸಿದರು. ಮೊಮ್ಮಗ ಅದರ ಹಿಂದೆ ಲೆಕ್ಕ ಮಾಡುತ್ತಾನಂತೆ. ‘ಎಲ್ಲಿಗೆ ಹೋಗಿದ್ದಿರಿ ಇಷ್ಟೊಂದು ಸಲ?’ ಎಂದು ಕೇಳಿದೆ. ಅಜ್ಜಿ ನನ್ನನ್ನೊಮ್ಮೆ ನೋಡಿ, ‘ನೀವು ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಕೇಳಿದೆನೆ?’ ಎಂದರು. ಕಂಡಕ್ಟರ್ ನಕ್ಕ. ನಾನು ಕಿಟಕಿಯ ಕಡೆ ತಿರುಗಿದೆ.

ಮನೆಯ ಯಜಮಾನಿಗೆ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಶುರುವಾದದ್ದು ನಮ್ಮ ಮಹಾರಾಜ ಕಾಲೇಜು ಮೈದಾನದಿಂದಲೇ, 2023ರ ಆಗಸ್ಟ್ 30ರಂದು. ತಿಂಗಳುಗಟ್ಟಲೆ ತಡವಾಗುತ್ತದೆ, ಬಂದಾಗ ಎರಡು ಕಂತು ಒಟ್ಟಿಗೆ. ಆ ಹಣ ಎಷ್ಟೋ ಮನೆಯಲ್ಲಿ ನೇರವಾಗಿ ಸಂಘದ ಕಂತಿಗೇ ಹೋಗುತ್ತದೆ. ಬಡತನ ನೀಗಿತು ಎಂದು ಭಾಷಣ ಮಾಡುವವರು ಈ ಹರಿವನ್ನು ಗಮನಿಸಬೇಕು.

ಆಗಸ್ಟ್ 19ರಂದು ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟಿತು. 101 ಜಾತಿಗಳಿಗೆ ಇರುವ ಶೇಕಡ 17ರಲ್ಲಿ ಎಡಗೈಗೆ (ಮಾದಿಗ ಮತ್ತು ಸಂಬಂಧಿತ ಜಾತಿಗಳು) 6, ಬಲಗೈಗೆ (ಹೊಲೆಯ ಮತ್ತು ಸಂಬಂಧಿತ ಜಾತಿಗಳು) 6, ಸ್ಪೃಶ್ಯ ಜಾತಿಗಳು ಮತ್ತು ಅಲೆಮಾರಿಗಳಿಗೆ ಸೇರಿ 5. ಮೂರು ದಶಕದ ಹೋರಾಟ. 2005ರಲ್ಲಿ ನೇಮಕವಾದ ಸದಾಶಿವ ಆಯೋಗದ ವರದಿ ಎಷ್ಟು ವರ್ಷ ಧೂಳು ತಿಂದಿತು ಎಂಬುದು ಎಲ್ಲರಿಗೂ ಗೊತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣಕ್ಕೆ ದಾರಿ ತೆರೆದ ಮೇಲೆ ತಪ್ಪಿಸಿಕೊಳ್ಳಲು ನೆಪ ಉಳಿಯಲಿಲ್ಲ. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಈ ಮೇ ತಿಂಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿ ಆಗಸ್ಟ್ 4ಕ್ಕೆ ವರದಿ ಕೊಟ್ಟಿತು.

ಮೈಸೂರು–ಮಂಡ್ಯಕ್ಕೆ ಈ ಸಮೀಕ್ಷೆಯ ತೊಡಕೇ ಬೇರೆ. ಹಳೆ ಮೈಸೂರಿನ ಕಾಗದಪತ್ರಗಳಲ್ಲಿ ಹೊಲೆಯ, ಮಾದಿಗ ಎಂಬ ಹೆಸರುಗಳ ಜಾಗದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂದೇ ಬರೆದಿದೆ. ಅವಮಾನದ ಹೆಸರು ಬೇಡವೆಂದು ರಾಜರ ಕಾಲದಲ್ಲಿ ಬಂದ ಗೌರವದ ಹೆಸರುಗಳು ಇವು. ನೂರು ವರ್ಷ ಕಳೆದ ಮೇಲೆ ಅದೇ ಗೌರವ ಲೆಕ್ಕಕ್ಕೆ ಅಡ್ಡ ಬಂತು: ಎ.ಕೆ. ಎಂದರೆ ಎಡವೋ ಬಲವೋ? ಸಮೀಕ್ಷೆಗೆ ಬಂದ ಮೇಡಂ ಪರಿಚಯದ ಶಿಕ್ಷಕಿ. ಮೊಬೈಲ್ ಆ್ಯಪಿನಲ್ಲಿ ಮೂಲ ಜಾತಿಯ ಕಾಲಂ ಬಂದಾಗ ದನಿ ತಗ್ಗಿಸುತ್ತಿದ್ದೆ ಎಂದು ಹೇಳಿದರು. ಒಂದು ಮನೆಯಲ್ಲಿ ಕಾಲೇಜು ಓದುವ ಹುಡುಗಿ, ‘ಜೋರಾಗಿಯೇ ಕೇಳಿ ಮಿಸ್. ಬಯ್ಯುವುದಕ್ಕೆ ಕೇಳಿದವರು ಜೋರಾಗಿ ಕೇಳುತ್ತಿದ್ದರು, ಕೊಡುವುದಕ್ಕೆ ಕೇಳುವವರು ಯಾಕೆ ಪಿಸುಗುಡುತ್ತೀರಿ?’ ಎಂದಳಂತೆ. ಆಯೋಗದ ನೂರಾರು ಪುಟಗಳಲ್ಲಿ ಈ ಸಾಲು ಇರಲಾರದು.

ಹಂಚಿಕೆಯಲ್ಲಿ ಸೋತವರು ಅಲೆಮಾರಿಗಳು. ಅವರಿಗೆ ಪ್ರತ್ಯೇಕ ಶೇಕಡ 1 ಇರಲಿ ಎಂದು ಆಯೋಗ ಹೇಳಿತ್ತು. ಸಂಪುಟ ಅವರನ್ನು ಬಲಾಢ್ಯರ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿತು. ಮೂರು ದಶಕ ಇನ್ನೊಬ್ಬರು ಹೇಳಿದ ವಾದವನ್ನೇ ಈಗ ಅವರು ಬೀದಿಯಲ್ಲಿ ನಿಂತು ಹೇಳುತ್ತಿದ್ದಾರೆ. ಬಲೂನು ಮಾರುತ್ತಿದ್ದ ಆ ಕುಟುಂಬವೂ ಅಲೆಮಾರಿಯೇ ಎಂಬುದು ನನ್ನ ತಲೆಯಿಂದ ಹೋಗುತ್ತಿಲ್ಲ.

ಅಕ್ಟೋಬರ್ 9ರಂದು ಸಂಪುಟ ಒಪ್ಪಿದ ಮುಟ್ಟಿನ ರಜೆಯ ಬಗ್ಗೆ ಚಿಕ್ಕದಾಗಿ: ತಿಂಗಳಿಗೊಂದು ದಿನ, ವರ್ಷಕ್ಕೆ ಹನ್ನೆರಡು, ಸಂಬಳ ಸಹಿತ, ಖಾಸಗಿಯವರಿಗೂ ಅನ್ವಯ. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಗಿದೆ. ಕಬ್ಬು ಕಡಿಯುವವಳಿಗೆ, ಮನೆಗೆಲಸದವಳಿಗೆ ಇದು ಸಿಗುವುದಿಲ್ಲ; ರಜೆ ಕೊಡಬೇಕಾದ ಮಾಲೀಕ ಕಾಗದದಲ್ಲಿ ಇದ್ದವರಿಗಷ್ಟೇ ರಜೆ. ಆದರೂ ‘ಹೊರಗೆ’ ಎಂಬ ಪದದಲ್ಲಿ ಮುಚ್ಚಿಡುತ್ತಿದ್ದುದನ್ನು ಸರ್ಕಾರದ ಆದೇಶ ಹೆಸರು ಹಿಡಿದು ಕರೆಯಿತು.

ಇಷ್ಟೆಲ್ಲ ಹೇಳಿ ಮಂಡ್ಯದವನಾಗಿ ಒಂದು ಮಾತನ್ನು ನುಂಗಿಕೊಂಡರೆ ಮೋಸವಾಗುತ್ತದೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ಜಾಗ. ಅಲ್ಲಿಗೆ ಹೋದವರೆಲ್ಲ ಬಡವರಲ್ಲ, ಓದದವರಲ್ಲ. ಎಷ್ಟೋ ಜನರಿಗೆ ಎಕರೆಗಟ್ಟಲೆ ನಾಲೆಯ ನೀರಿನ ಗದ್ದೆಯಿದೆ. ಗದ್ದೆಯಿರುವುದೇ ಕಾರಣ ಎಂಬುದು ನನ್ನ ಅನುಮಾನ. ಹೆಣ್ಣು ಹುಟ್ಟಿದರೆ ಖರ್ಚು ಎಂಬ ಮಾತಿನ ಕೆಳಗೆ ಇನ್ನೊಂದು ಹೇಳದ ಮಾತಿದೆ: ಹೆಣ್ಣು ಹುಟ್ಟಿದರೆ ಪಾಲು.

ಕಾನೂನು ಹೇಳುವುದು ಸ್ಪಷ್ಟ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು. ಕೇಂದ್ರ ಬಂದದ್ದು 2005ರಲ್ಲಿ. ತಂದೆ ಯಾವಾಗ ತೀರಿಕೊಂಡರು ಎಂಬ ತಕರಾರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಮುಗಿಸಿತು. ಆದರೆ ಊರಿನಲ್ಲಿ ನಡೆಯುವುದು ಹಕ್ಕು ಬಿಡುಗಡೆ ಪತ್ರ. ಅಕ್ಕತಂಗಿಯರನ್ನು ಕರೆಸಿ, ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿ, ಮಧ್ಯಾಹ್ನ ಊಟ ಹಾಕಿಸಿ ಕಳಿಸುವುದು. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ಈ ವರ್ಷ ಕಂದಾಯ ಇಲಾಖೆ ಪೌತಿ ಖಾತೆಯ ಆಂದೋಲನ ನಡೆಸಿ, ತೀರಿಹೋದವರ ಹೆಸರಿನಲ್ಲೇ ಉಳಿದ ಜಮೀನುಗಳನ್ನು ವಾರಸುದಾರರ ಹೆಸರಿಗೆ ಬರೆಯತೊಡಗಿತು. ವಾರಸುದಾರರೆಂದರೆ ಹೆಣ್ಣುಮಕ್ಕಳೂ. ವಂಶವೃಕ್ಷದಲ್ಲಿ ಅವರ ಹೆಸರು ಬರೆಯಲೇಬೇಕು. ಸತ್ತ ಅಜ್ಜನ ಹೆಸರಿನಲ್ಲಿ ನೆಮ್ಮದಿಯಾಗಿದ್ದ ಜಮೀನಿನ ಸುತ್ತ ಬದುಕಿರುವ ಅತ್ತೆಯರೆಲ್ಲ ಎದ್ದುನಿಂತರು.

ಆಗಸ್ಟಿನಲ್ಲಿ, ಗೌರಿ ಹಬ್ಬಕ್ಕೆ ಮೂರು ದಿನ ಮೊದಲು, ನಮ್ಮ ಸಂಬಂಧಿಕರ ಕುಟುಂಬದ ಇಂಥದೇ ಕೆಲಸಕ್ಕೆ ಸಾಕ್ಷಿ ಹಾಕಲು ಹೋಗಿದ್ದೆ. ಅಣ್ಣ ಕಾರಿನಲ್ಲಿ ಬಂದಿದ್ದ. ತಂಗಿ ನಾಗಮಂಗಲದ ಕಡೆಯಿಂದ ಬಸ್ಸಿನಲ್ಲಿ ಬಂದಳು. ಶೂನ್ಯ ಟಿಕೆಟ್ ಇನ್ನೂ ಕೈಯಲ್ಲೇ ಇತ್ತು. ಅಣ್ಣ ಗೌರಿ ಬಾಗಿನದ ಮೊರ, ಸೀರೆ, ಐದು ಸಾವಿರ ರೂಪಾಯಿಯ ಕವರು ಎಲ್ಲವನ್ನೂ ಕಚೇರಿಯ ಜಗಲಿಯಲ್ಲೇ ಕೊಟ್ಟ. ಅವಳು ಬಾಗಿನವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಪತ್ರ ಬರೆಯುವವರು ಕಾಗದ ಮುಂದಿಟ್ಟು ಎಲ್ಲಿ ಸಹಿ ಎಂದು ತೋರಿಸಿದರು. ಅವಳು ಪೂರ್ತಿ ಓದಿದಳು. ‘ನನ್ನ ಸ್ವಂತ ಇಚ್ಛೆಯಿಂದ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ಅಣ್ಣ, ಯಾಕೆ ಬರೆದುಕೊಡುತ್ತಿದ್ದೇನೆ ಎಂದು ಇಲ್ಲಿ ಬರೆದಿಲ್ಲವಲ್ಲ’ ಎಂದಳು.

‘ಎಲ್ಲರೂ ಹೀಗೇ ಬರೆಸುವುದಮ್ಮ’ ಎಂದರು ಪತ್ರ ಬರೆಯುವವರು.

‘ಅಣ್ಣ ಹೇಳಲಿ’ ಎಂದಳು.

ಅಣ್ಣ ನನ್ನ ಕಡೆ ನೋಡಿದ. ನಾನು ಬಾಗಿನದ ಮೊರ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಹಬ್ಬ ಮುಗಿಯಲಿ ಎಂದು ಅವನೇ ಹೇಳಿದ. ಅವಳು ಮೊರವನ್ನು ಸೆರಗಿನಿಂದ ಮುಚ್ಚಿಕೊಂಡು ಒಂದೂವರೆಯ ಬಸ್ಸಿಗೆ ಹೊರಟಳು. ಕಾಗದ ಇಂದಿಗೂ ಪತ್ರ ಬರೆಯುವವರ ಮೇಜಿನ ಖಾನೆಯಲ್ಲಿದೆ.